ಲೆಕ್ಕ ಕೇಳುವುದು ಜಗಳವಲ್ಲ

(ನಲ್ಲೂರಿನಲ್ಲಿ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷಗಳಿಂದ ನಾವೆಲ್ಲ ಸರ್ವಸದಸ್ಯರ ಸಭೆಯಲ್ಲಿ ಕೂತು ಸಂಘದ ಜಮಾ-ಖರ್ಚು ಓದಿಸಿ ಕೇಳುತ್ತಾ ಬಂದಿದ್ದೇವೆ. ಬಾಕಿ ಎಷ್ಟು, ಲಾಭ ಎಷ್ಟು ಅಂತ ಎದ್ದು ನಿಂತು ಕೇಳಿದವರನ್ನು ಯಾರೂ ಜಗಳಗಂಟರು ಅನ್ನಲಿಲ್ಲ. ಷೇರು ಕಟ್ಟಿದ್ದೇವೆ, ಕೇಳುತ್ತೇವೆ. ಆದರೆ ಇದೇ ನಾವು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಹೆಗಲ ಮೇಲಿನ ಟವೆಲ್ ಕೆಳಗಿಳಿಸುತ್ತೇವೆ. "ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ, ಸೋಮವಾರ ಬಾರಪ್ಪ" ಎಂದರೆ ಸುಮ್ಮನೆ ಬಸ್ ಹತ್ತುತ್ತೇವೆ. ಅಲ್ಲಿಯೂ ನಮ್ಮ ಷೇರು ಇದೆಯಲ್ಲವೇ? ಸೋಪು, ಡೀಸೆಲ್ ಕೊಂಡಾಗಲೆಲ್ಲ ತೆರಿಗೆ ಕಟ್ಟಿದವರು ನಾವೇ.

ಈ ಮಾತನ್ನು ದೇಶಕ್ಕೆ ಗಟ್ಟಿಯಾಗಿ ಹೇಳಿಕೊಟ್ಟವರು ರಾಜಸ್ಥಾನದ ಹಳ್ಳಿಯ ಕೂಲಿಕಾರರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಊರವರನ್ನೆಲ್ಲ ಸೇರಿಸಿ ಪಂಚಾಯಿತಿ ಕಾಮಗಾರಿಯ ಕಾಗದಗಳನ್ನು ಬಹಿರಂಗವಾಗಿ ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ಕೂತರು. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲ. 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕು ಕಾಯಿದೆ ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು. ನಮ್ಮ ಸಂಘದ ವಯಸ್ಸೂ ಈ ಹಕ್ಕಿನ ವಯಸ್ಸೂ ಹೆಚ್ಚುಕಡಿಮೆ ಒಂದೇ.

ಅರ್ಜಿ ಹಾಕುವುದು ಹೇಗೆ? ಪ್ರತಿ ಕಚೇರಿಯಲ್ಲೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿ ಇರಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರೇ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ; ಬಡತನ ರೇಖೆಗಿಂತ ಕೆಳಗಿರುವವರು ಅದಕ್ಕೆ ದಾಖಲೆ ಲಗತ್ತಿಸಿದರೆ ಅರ್ಜಿ ಶುಲ್ಕ ಕಟ್ಟಬೇಕಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ಏತಕ್ಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು. ಇದು ಉಪಕಾರವಲ್ಲ, ಕಾಯಿದೆಯ ಮಾತು.

ನಾವು ಎಡವುವುದು ಕೇಳುವ ರೀತಿಯಲ್ಲಿ. ಮೋರಿ ಒಂದೇ ಮಳೆಗೆ ಕುಸಿಯಿತು ಅಂದುಕೊಳ್ಳಿ. "ಮೋರಿ ಏಕೆ ಕುಸಿಯಿತು, ದುಡ್ಡು ಯಾರು ತಿಂದರು?" ಎಂದು ಬರೆದರೆ ಉತ್ತರ ಸಿಗದು, ಏಕೆಂದರೆ ಕಾಯಿದೆ ಕೊಡಿಸುವುದು ಕಡತದಲ್ಲಿರುವ ಕಾಗದವನ್ನು. "ಆ ಮೋರಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಹಣ ಪಾವತಿಯ ಓಚರ್ ಪ್ರತಿ ಕೊಡಿ" ಎಂದು ಬರೆಯಿರಿ. ಏಕೆ ಕುಸಿಯಿತು ಎಂಬುದನ್ನು ಆ ಕಾಗದಗಳೇ ಹೇಳುತ್ತವೆ.

ಇನ್ನೊಂದು ತೊಡಕು ನಮ್ಮ ತಾಲ್ಲೂಕಿನದೇ. ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಹಳೇ ಕಾಗದ ಹುಡುಕುವವರಿಗೆ ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ಇಲ್ಲಿ ಎನ್ನುವ ಉತ್ತರ ಬಂದರೆ ಗಾಬರಿಯಾಗಬೇಡಿ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ದಾಟಿಸಿ ನಮಗೆ ತಿಳಿಸಬೇಕಾದ್ದು ಅರ್ಜಿ ಪಡೆದವರ ಹೊಣೆ.

ಉತ್ತರಕ್ಕೆ ಗಡುವು 30 ದಿನ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದ್ದರಿಂದ ಅರ್ಜಿಯ ಒಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಜೋಪಾನವಾಗಿಡಿ. ಮೊಹರಿಲ್ಲದ ಅರ್ಜಿ ರಸೀದಿ ಇಲ್ಲದೆ ಕಟ್ಟಿದ ಕಂತಿನ ಹಾಗೆ.

ಹಕ್ಕಿದೆ ಅಂತ ಪಕ್ಕದ ಮನೆಯವರ ಖಾಸಗಿ ವಿಷಯ ಕೆದಕಲು, ಹಗೆ ತೀರಿಸಲು ಇದನ್ನು ಬಳಸಬಾರದು. ಅಂಥ ಅರ್ಜಿ ನಿಲ್ಲುವುದೂ ಇಲ್ಲ, ನಿಜವಾಗಿ ಕೇಳುವವರ ಹೆಸರೂ ಕೆಡುತ್ತದೆ.

ಕಡೆಯದಾಗಿ ನಮ್ಮ ಮನೆಯ ಮಾತು. 2013ರಲ್ಲಿ ಸುಪ್ರೀಂ ಕೋರ್ಟು ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ, ಸರ್ಕಾರದ ಗಣನೀಯ ಹಣ ಅಥವಾ ಹಿಡಿತ ಇಲ್ಲದ ಸಹಕಾರ ಸಂಘಗಳು ಈ ಕಾಯಿದೆಗೆ ನೇರವಾಗಿ ಒಳಪಡುವುದಿಲ್ಲ ಎಂದಿತು. ನಿಬಂಧಕರು ಕಾನೂನಿನಂತೆ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಲು ಮಾತ್ರ ದಾರಿ ಇದೆ. ಹಾಗಂತ ನಾವು ಬಾಗಿಲು ಹಾಕಿಕೊಳ್ಳೋಣವೇ? ಪಂಚಾಯಿತಿಯ ಲೆಕ್ಕ ಕೇಳಲು ಹೊರಟವರು ನಮ್ಮ ಲೆಕ್ಕದ ಪುಸ್ತಕವನ್ನು ಬೀರುವಿನಲ್ಲಿ ಬಚ್ಚಿಟ್ಟರೆ ಊರು ನಗುತ್ತದೆ. ಕೋರ್ಟು ಹೇಳಲಿ ಬಿಡಲಿ, ಸಾಲ ತೀರಿಸಿದ ರೈತ ಬಂದು "ನನ್ನ ಲೆಡ್ಜರ್ ಪುಟ ತೋರಿಸಿ" ಎಂದರೆ ಸಂಘದವರು ಕುರ್ಚಿ ಹಾಕಿ ಕೂರಿಸಿ ತೋರಿಸಬೇಕು. ಈ ಬೆಳ್ಳಿಹಬ್ಬಕ್ಕೆ ನಾವು ಮಾಡಿಕೊಳ್ಳಬಹುದಾದ ಸಂಕಲ್ಪ ಅದೇ.

ಕೇಳುವವರಿಗೆ ಧೈರ್ಯ ಬರಲಿ, ಕೊಡುವವರಿಗೆ ತಾಳ್ಮೆ ಬರಲಿ.