ಸರಕು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹೋಗಿ

ಮಕ್ಕಳ ಹೆಸರು ಕೂಗುವುದನ್ನೇ ಕಾಯುತ್ತ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆ ತಾಯಂದಿರೇ, ನನ್ನ ಪ್ರೀತಿಯ ಪದವೀಧರರೇ,

ಈ ಪದವಿಗಾಗಿ ಒಡವೆ ಅಡವಿಟ್ಟವರು, ಹಸು ಮಾರಿದವರು ಈ ಸಭೆಯಲ್ಲಿದ್ದಾರೆ. ನನ್ನ ಮೊದಲ ನಮಸ್ಕಾರ ಅವರಿಗೆ.

ಸರಕು ಸಾಗಣೆಯ ಕೆಲಸದಲ್ಲಿ ಬದುಕು ಕಳೆದವನು ನಾನು. ಆ ಕೆಲಸದ ಮೊದಲ ಪಾಠ ಸಿಕ್ಕಿದ್ದು ನಿಮ್ಮ ವಯಸ್ಸಿನಲ್ಲಿ, ರಾಜ್ಯದ ಗಡಿಯ ಒಂದು ಚೆಕ್‌ಪೋಸ್ಟಿನಲ್ಲಿ. ಊರಿನ ಟೊಮೆಟೊ ತುಂಬಿದ ಲಾರಿಯಲ್ಲಿ ಚಿಕ್ಕಪ್ಪನ ಜೊತೆ ಹೊರಟಿದ್ದೆ. ರಾತ್ರಿ ಹತ್ತಕ್ಕೆ ಗಡಿ ಮುಟ್ಟಿದೆವು. ಆಮೇಲೆ ಸಾಲು ಕದಲಲಿಲ್ಲ. ಬೆಳಗಿನ ಜಾವಕ್ಕೆ ಅಡಿಯ ಕ್ರೇಟುಗಳಿಂದ ರಸ ತೊಟ್ಟಿಕ್ಕಿ ಟೈರಿನ ಪಕ್ಕದ ಮಣ್ಣು ಒದ್ದೆಯಾಗಿತ್ತು. ಚಿಕ್ಕಪ್ಪ ಒಂದು ಹಣ್ಣು ಒತ್ತಿ ನೋಡಿ, "ರೇಟು ಹೋಯ್ತು ಕಣೋ" ಅಂದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನಲ್ಲ. ಲಾರಿ ಚೆನ್ನಾಗಿತ್ತು, ರಸ್ತೆ ಚೆನ್ನಾಗಿತ್ತು. ಹಣ್ಣು ಮಾತ್ರ ಕೊಳೆಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದಾಗ, ಒಂದು ಮೀಟರ್ ಹೊಸ ಡಾಂಬರು ಹಾಕದೆಯೇ ಊರುಗಳು ಹತ್ತಿರವಾದದ್ದನ್ನು ಕಣ್ಣಾರೆ ಕಂಡೆ.

ಅದೇ ಪಾಠವನ್ನು ಆಫ್ರಿಕ ಖಂಡ ಇಂದು ದೊಡ್ಡ ಬೆಲೆ ತೆತ್ತು ಕಲಿಯುತ್ತಿದೆ. ಅಲ್ಲಿನ ರೈಲು ಹಳಿಗಳ ನಕ್ಷೆ ನೋಡಿ. ವಸಾಹತು ಕಾಲದ ಹೆಚ್ಚಿನ ಮಾರ್ಗಗಳು ಗಣಿಯಿಂದಲೋ ತೋಟದಿಂದಲೋ ಹೊರಟು ನೇರ ಬಂದರಿಗೆ ಇಳಿಯುತ್ತವೆ. ನೆರೆಯ ಊರುಗಳು ಒಂದಕ್ಕೊಂದು ಮಾರಿಕೊಳ್ಳಲಿ ಎಂದು ಅವನ್ನು ಹಾಕಿರಲಿಲ್ಲ. ಇಂದಿಗೂ ಆಫ್ರಿಕದ ದೇಶಗಳು ತಮ್ಮತಮ್ಮಲ್ಲಿ ನಡೆಸುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ ಐದನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇದನ್ನು ಬದಲಿಸಲೆಂದೇ 2018ರಲ್ಲಿ ರುವಾಂಡದ ಕಿಗಾಲಿಯಲ್ಲಿ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. 2021ರ ಜನವರಿಯಿಂದ ಅದರಡಿ ವ್ಯಾಪಾರ ಶುರುವಾಯಿತು. ಒಪ್ಪಂದಕ್ಕೆ ದಾರಿ ಬೇಕು. ಹಾಗಾಗಿ ದೇಶದಿಂದ ದೇಶಕ್ಕೆ ಹಾಯುವ ಸಾರಿಗೆ ಕಾರಿಡಾರುಗಳಿಗೆ ಹಣ ಹರಿಯುತ್ತಿದೆ. ಹರಿಯಬೇಕಾದದ್ದೇ. ಆದರೆ ಎಲ್ಲಿಗೆ ಹರಿಯಬೇಕು?

ಜಾಂಬೆಜಿ ನದಿಯ ದಡದಲ್ಲಿ ಚಿರುಂಡು ಎಂಬ ಊರಿದೆ. ಆಚೆ ಜಾಂಬಿಯ, ಈಚೆ ಜಿಂಬಾಬ್ವೆ. 1939ರಲ್ಲೇ ಅಲ್ಲಿ ಸೇತುವೆ ಕಟ್ಟಿದರು. 2002ರಲ್ಲಿ ಜಪಾನಿನ ನೆರವಿನಿಂದ ಪಕ್ಕದಲ್ಲೇ ಎರಡನೆಯದೂ ಎದ್ದಿತು. ಎರಡು ಸೇತುವೆಗಳಿದ್ದರೂ ಲಾರಿಗಳು ದಿನಗಟ್ಟಲೆ ನಿಂತೇ ಇದ್ದವು. ಈ ದಡದಲ್ಲಿ ಒಮ್ಮೆ ಕಾಗದ ತೋರಿಸಬೇಕು, ಆ ದಡದಲ್ಲಿ ಅದೇ ಕಾಗದವನ್ನು ಮತ್ತೊಮ್ಮೆ ತೋರಿಸಬೇಕು. 2009ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಆಫ್ರಿಕದ ಮೊದಲ ಏಕ ನಿಲುಗಡೆ ಗಡಿ ಠಾಣೆಯನ್ನು ಅಲ್ಲಿ ತೆರೆದವು. ಉತ್ತರಕ್ಕೆ ಹೋಗುವ ಲಾರಿಯ ತಪಾಸಣೆಯೆಲ್ಲ ಜಾಂಬಿಯದ ಕಡೆ, ದಕ್ಷಿಣಕ್ಕೆ ಬರುವ ಲಾರಿಯದು ಜಿಂಬಾಬ್ವೆಯ ಕಡೆ. ಎರಡು ದೇಶದ ಅಧಿಕಾರಿಗಳೂ ಒಂದೇ ಸೂರಿನಡಿ ಕೂತರು. ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ನೆಲದಲ್ಲಿ ಮುದ್ರೆ ಒತ್ತಬೇಕಾದರೆ ಕಾನೂನೇ ಬದಲಾಗಬೇಕು. ಬದಲಾಯಿಸಿದರು. ಎರಡು ಸೇತುವೆಗಳಿಂದ ಆಗದ ಕೆಲಸ ಕಾನೂನಿನ ಬದಲಾವಣೆಯಿಂದ ಆಯಿತು.

ಅದೇ ನದಿಯ ಮೇಲುಭಾಗದಲ್ಲಿ ಕಜುಂಗುಲ. ಬೋಟ್ಸ್ವಾನ ಮತ್ತು ಜಾಂಬಿಯದ ಗಡಿ ಅಲ್ಲಿ ಸುಮಾರು 150 ಮೀಟರ್ ಮಾತ್ರ. ಮೊದಲು ಲಾರಿಗಳು ತೆಪ್ಪದಂಥ ದೋಣಿಯನ್ನೇರಿ ಸರದಿಯ ಮೇಲೆ ನದಿ ದಾಟಬೇಕಿತ್ತು. 2021ರ ಮೇ ತಿಂಗಳಿನಲ್ಲಿ 923 ಮೀಟರ್ ಉದ್ದದ ಸೇತುವೆ ತೆರೆಯಿತು. ಜಿಂಬಾಬ್ವೆಯ ಗಡಿಯನ್ನು ತಾಕದಂತೆ ಅದು ಬಿಲ್ಲಿನ ಹಾಗೆ ಬಾಗಿದೆ. ಹಳಿಗೂ ಜಾಗ ಬಿಟ್ಟಿದ್ದಾರೆ. ಚಿರುಂಡುವಿನ ಪಾಠ ಮರೆಯದೆ, ಸೇತುವೆಯ ಯೋಜನೆಯಲ್ಲೇ ಎರಡೂ ದಡಗಳ ಏಕ ನಿಲುಗಡೆ ಠಾಣೆಗಳನ್ನು ಸೇರಿಸಿದರು. ಹಣ ಹೂಡುವುದೆಂದರೆ ಹೀಗೆ.

ಇನ್ನೊಂದು ಪಾಠ ಟಾಂಜಾನಿಯ ಮತ್ತು ಜಾಂಬಿಯವನ್ನು ಜೋಡಿಸುವ ಟಜಾರಾ ರೈಲಿನದು. 1965ರಲ್ಲಿ ರೊಡೇಷ್ಯದ, ಅಂದರೆ ಇಂದಿನ ಜಿಂಬಾಬ್ವೆಯ, ಬಿಳಿಯರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡಾಗ, ಆ ನೆಲದ ಮೂಲಕ ಕಡಲು ಸೇರುತ್ತಿದ್ದ ಜಾಂಬಿಯದ ತಾಮ್ರ ಇಕ್ಕಟ್ಟಿಗೆ ಸಿಕ್ಕಿತು. ಪಶ್ಚಿಮದ ಸಾಲದಾತರು ಹೊಸ ಮಾರ್ಗ ಲಾಭದ್ದಲ್ಲ ಎಂದು ಕೈಚೆಲ್ಲಿದರು. ಟಾಂಜಾನಿಯದ ಅಧ್ಯಕ್ಷ ನ್ಯೆರೆರೆ ಮತ್ತು ಜಾಂಬಿಯದ ಅಧ್ಯಕ್ಷ ಕೌಂಡ ಛಲ ಬಿಡಲಿಲ್ಲ. ಚೀನಾದ ಬಡ್ಡಿರಹಿತ ಸಾಲದಿಂದ, 1970 ಮತ್ತು 1975ರ ನಡುವೆ, ಟಾಂಜಾನಿಯದ ಬಂದರು ದಾರ್ ಎಸ್ ಸಲಾಮ್‌ನಿಂದ ಜಾಂಬಿಯದ ಕಪಿರಿ ಮ್ಪೋಶಿಯವರೆಗೆ 1,860 ಕಿಲೋಮೀಟರ್ ಹಳಿ ಬಿತ್ತು. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಬೇಕಿದ್ದ ಆ ರೈಲು ಮುಂದೆ ಅದರ ಹತ್ತನೇ ಒಂದು ಭಾಗವನ್ನೂ ಸಾಗಿಸದ ವರ್ಷಗಳನ್ನು ಕಂಡಿತು. ಇಂಜಿನ್ ಕೆಟ್ಟರೆ ಬಿಡಿಭಾಗವಿಲ್ಲ, ಹಳಿ ಸವೆದರೆ ಹಣವಿಲ್ಲ. ತಾಮ್ರ ಲಾರಿ ಹತ್ತಿತು. ಕಟ್ಟುವಾಗಿನ ಉತ್ಸಾಹ ಕಾಪಾಡುವಾಗ ಇರಲಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಸಿಗುತ್ತದೆ, ನಟ್ಟು ಬಿಗಿ ಮಾಡಿದವನಿಗೆ ಸಿಗುವುದಿಲ್ಲ. ಆದರೂ ದಾರಿ ಉಳಿಯುವುದು ಅವನಿಂದಲೇ.

ನಾಳೆ ನಿಮ್ಮಲ್ಲಿ ಕೆಲವರು ಇಂಥ ಯೋಜನೆಗಳ ಕಡತಕ್ಕೆ ಸಹಿ ಹಾಕುತ್ತೀರಿ. ಆಗ ಮೂರು ಪ್ರಶ್ನೆ ಕೇಳಿ. ಈ ದಾರಿಯಲ್ಲಿ ಸರಕು ಎಲ್ಲಿ ನಿಲ್ಲುತ್ತದೆ? ಹತ್ತು ವರ್ಷದ ನಂತರ ಇದರ ರಿಪೇರಿಗೆ ಹಣ ಯಾರು ಕೊಡುತ್ತಾರೆ? ಗಣಿಯ ತಾಮ್ರ ಹೊತ್ತು ಹೋಗುವ ಗಾಡಿಯಲ್ಲಿ ದಾರಿಬದಿಯ ರೈತನ ಹತ್ತು ಚೀಲ ಜೋಳಕ್ಕೂ ಜಾಗವಿದೆಯೇ? ಮೂರನೆಯದಕ್ಕೆ ಉತ್ತರ ಇಲ್ಲವೆಂದಾದರೆ, ಸಾಲ ತೀರಿಸಬೇಕಾದ ಜನ ಆ ಗಾಡಿ ಹಾದುಹೋಗುವುದನ್ನು ನೋಡುತ್ತ ನಿಲ್ಲುತ್ತಾರೆ. ಹಳೆಯ ವಸಾಹತು ಹಳಿಗೂ ಹೊಸ ಹಳಿಗೂ ಆಗ ವ್ಯತ್ಯಾಸವೇನು?

ಕಾನೂನು ಓದಿದವರು, ಕಂಪ್ಯೂಟರ್ ಓದಿದವರು ಇದು ಎಂಜಿನಿಯರುಗಳ ಮಾತು ಎಂದುಕೊಳ್ಳಬೇಡಿ. ಚಿರುಂಡುವಿನಲ್ಲಿ ದಾರಿ ತೆರೆದದ್ದು ಕಾನೂನು ಬರೆದವರು. ಎರಡು ದೇಶಗಳ ಕಸ್ಟಮ್ಸ್ ದಾಖಲೆಗಳು ಒಂದಕ್ಕೊಂದು ಮಾತಾಡುವಂತೆ ಮಾಡುವವರು ನೀವೇ.

ಕೊನೆಯದಾಗಿ ಒಂದು ಬೇಡಿಕೆ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ, ಯಾವುದಾದರೂ ಒಂದು ಲೋಡಿನ ಜೊತೆ, ಅದು ಹೊಲದಿಂದ ಹೊರಟು ಕೊಳ್ಳುವವನ ಕೈ ಸೇರುವ ತನಕ ಪ್ರಯಾಣ ಮಾಡಿ. ಡ್ರೈವರ್ ಪಕ್ಕದಲ್ಲಿ ಕೂತುಕೊಳ್ಳಿ, ಅವರು ಊಟ ಮಾಡುವಲ್ಲೇ ಊಟ ಮಾಡಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಗಾಡಿ ನಿಂತಾಗಲೆಲ್ಲ ಬರೆದುಕೊಳ್ಳಿ: ಎಲ್ಲಿ ನಿಂತಿತು, ಎಷ್ಟು ಹೊತ್ತು, ಯಾರಿಗಾಗಿ. ನೀವು ಮಾಡಬೇಕಾದ ಕೆಲಸದ ಪಟ್ಟಿ ಅದೇ.