ನಿದ್ದೆಯ ಮಾತ್ರೆಯೂ ಔಷಧಿ ಅಂಗಡಿಯ ಎರಡು ಮಾತೂ
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಆದರೆ ಈ ಸೀಮೆಯಲ್ಲಿ ಚಿಂತೆಗೇನು ಬರ? ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು; ಬವಣೆ ಮಾತ್ರ ಎರಡು ಕಡೆಯೂ ಒಂದೇ. ಮಳೆ ಕೈಕೊಟ್ಟರೆ ಕಡಲೆಕಾಯಿ ಹೋಗುತ್ತದೆ, ಸಾಲ ಉಳಿಯುತ್ತದೆ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದರೆ ಮನೆಯಲ್ಲಿ ವಯಸ್ಸಾದವರಿಬ್ಬರೇ. ಇಂಥ ಹೊತ್ತಿನಲ್ಲಿ ವೈದ್ಯರು ನಾಲ್ಕು ದಿನಕ್ಕೆಂದು ಬರೆದುಕೊಟ್ಟ ನಿದ್ದೆಯ ಮಾತ್ರೆ ವರ್ಷಗಟ್ಟಲೆ ತಲೆದಿಂಬಿನ ಕೆಳಗೆ ಉಳಿದುಬಿಡುವುದುಂಟು.

ಈ ಗುಂಪಿನ ಮೊದಲ ಔಷಧಿ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಬಳಕೆಗೆ ಬಂದವು. ಆಲ್‌ಪ್ರಜೋಲಾಮ್, ನೈಟ್ರಜೆಪಾಮ್ ಇದೇ ಗುಂಪಿನವು. ಕೆಲವು ದಿನ, ಕೆಲವು ವಾರ ಇವು ಉಪಕಾರಿ. ತಿಂಗಳುಗಟ್ಟಲೆ ನುಂಗಿದರೆ ದೇಹ ಒಗ್ಗಿಹೋಗಿ ಒಂದರ ಜಾಗದಲ್ಲಿ ಎರಡು ಬೇಡುತ್ತದೆ. ಮರೆವು, ಹಗಲು ತೂಕಡಿಕೆ ಬರಬಹುದು. ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚು. ಮದ್ಯದ ಜೊತೆ ಸೇರಿದರೆ ಉಸಿರಿಗೇ ಕುತ್ತು.

ಗಡಿನಾಡಿಗೆ ಇನ್ನೊಂದು ತೊಡಕುಂಟು. ರಾಯದುರ್ಗದವರು ಬಳ್ಳಾರಿಗೆ, ಮಡಕಶಿರಾದವರು ಹಿಂದೂಪುರಕ್ಕೋ ಶಿರಾಕ್ಕೋ ತುಮಕೂರಿಗೋ ವೈದ್ಯರಲ್ಲಿಗೆ ಹೋಗುತ್ತಾರೆ. ಚೀಟಿ ಒಂದು ರಾಜ್ಯದ್ದು, ಅಂಗಡಿ ಇನ್ನೊಂದು ರಾಜ್ಯದ್ದು. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಮನೆಗೆ ಬಂದರೆ, ಓದು ಬಾರದ ಅಜ್ಜಿ ಬೇರೆ ಬೇರೆ ಮಾತ್ರೆಯೆಂದು ಎರಡನ್ನೂ ನುಂಗಿಬಿಡಬಹುದು. ಎರಡು ಚೀಟಿಗಳನ್ನೂ ಒಟ್ಟಿಗೆ ನೋಡಿ ಇದನ್ನು ಹಿಡಿಯಬಲ್ಲವರು ಅಂಗಡಿಯ ಫಾರ್ಮಸಿಸ್ಟರು.

ಕಾನೂನೂ ಅವರ ಮೇಲೆ ಹೊಣೆ ಹೊರಿಸಿದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಲ್ಲಿ ಈ ಮೂರೂ ಔಷಧಿಗಳಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಬರೆದ ಪುಸ್ತಕವನ್ನು 3 ವರ್ಷ ಕಾಪಾಡಬೇಕು. ರೋಗಿಗೆ ತಿಳಿವಳಿಕೆ ಹೇಳುವುದೂ ಅವರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ.

ಹೇಳಿದರೆ ಫಲವುಂಟೇ? ಉಂಟು. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ, 30 ಔಷಧಿ ಅಂಗಡಿಗಳ ಮೂಲಕ, ಬಹುಕಾಲದಿಂದ ಈ ಮಾತ್ರೆ ನುಂಗುತ್ತಿದ್ದ 303 ಮಂದಿ ಹಿರಿಯರ ಅಧ್ಯಯನ ನಡೆದು 2014ರಲ್ಲಿ ಪ್ರಕಟವಾಯಿತು. ಅಪಾಯವನ್ನೂ ಬಿಡುವ ಕ್ರಮವನ್ನೂ ಸರಳವಾಗಿ ತಿಳಿಸಿದ ಪುಸ್ತಿಕೆ ಪಡೆದವರಲ್ಲಿ 6 ತಿಂಗಳೊಳಗೆ ನೂರಕ್ಕೆ 27 ಮಂದಿ ಮಾತ್ರೆ ಬಿಟ್ಟರು. ಪಡೆಯದವರಲ್ಲಿ ಬಿಟ್ಟವರು 5 ಮಂದಿ. ಬೈಗುಳವಿಲ್ಲ, ದಂಡವಿಲ್ಲ, ತಿಳಿಯುವ ಭಾಷೆಯಲ್ಲಿ ತಿಳಿಯಹೇಳಿದ್ದಷ್ಟೇ. ಅಮರಾಪುರ, ರೊಳ್ಳ, ಅಗಳಿ, ಡಿ. ಹಿರೇಹಾಳ್ ಕಡೆಯ ಎಷ್ಟೋ ಮನೆಗಳಿಗೆ ಆ ಭಾಷೆ ಕನ್ನಡ. ಮಾತ್ರೆಯ ಪಟ್ಟಿಯ ಮೇಲಿರುವುದೋ ಇಂಗ್ಲಿಷ್.

ಆದರೆ ಇದನ್ನು ಕೇಳಿ ಯಾರೂ ಇಂದೇ ಮಾತ್ರೆ ಎಸೆಯಬಾರದು. ಬಹುಕಾಲ ನುಂಗಿದವರು ಒಮ್ಮೆಲೇ ಬಿಟ್ಟರೆ ನಡುಕ, ತಳಮಳ, ಫಿಟ್ಸ್ ಕೂಡ ಬರಬಹುದು. ತೇರನ್ನು ಸನ್ನೆ ಕೊಟ್ಟು ಕೊಟ್ಟು ನಿಲ್ಲಿಸುವಂತೆ, ವೈದ್ಯರು ಹೇಳಿದ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮನಸ್ಸಿನ ಭಾರ ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ತೆಲುಗಿನಲ್ಲೂ ಉಚಿತವಾಗಿ ಸಲಹೆ ದೊರೆಯುತ್ತದೆ.

ಭಕ್ತರಲ್ಲಿ ಪ್ರಾರ್ಥನೆಯಿಷ್ಟೇ: ಎಲ್ಲ ಚೀಟಿಗಳನ್ನೂ ಒಂದೇ ಅಂಗಡಿಯಲ್ಲಿ ತೋರಿಸಿರಿ. ನೆರೆಮನೆಯವರ ಮಾತ್ರೆ ಬೇಡಿ ತರಬೇಡಿರಿ. ‘ಇದು ಎಷ್ಟು ದಿನಕ್ಕೆ?’ ಎಂದು ಸಂಕೋಚವಿಲ್ಲದೆ ಕೇಳಿರಿ. ಅಂಗಡಿಯವರೂ ಚಿಲ್ಲರೆ ಕೊಡುವಾಗ ಕನ್ನಡದಲ್ಲಿ ಎರಡು ಮಾತು ಹೇಳಲಿ. ಸ್ವಾಮಿಯು ಎಲ್ಲರಿಗೂ ಆಯುರಾರೋಗ್ಯವನ್ನೂ ಸುಖನಿದ್ರೆಯನ್ನೂ ಕರುಣಿಸಲಿ.