ಗಾಳಿಗೆ ದಾರಿ, ಮನೆಗೆ ಮರೆ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ದೊಡ್ಡ ದೊಡ್ಡವರು ಸಹಕಾರದ ಬಗ್ಗೆ ಮಾತಾಡಿದರು. ನನಗೆ ಅಷ್ಟು ತಿಳಿಯದು. ನಾನು ಎರಡು ಎಕರೆ ಶೇಂಗಾ ಬೆಳೆಯುವವನು, ಬಿಡುವಿನಲ್ಲಿ ಉಳಿ, ಬಾಚಿ ಹಿಡಿಯುವವನು. "ನೀನು ಬೇಲಿ ವಿಷಯ ಮಾತಾಡು, ಜನಕ್ಕೆ ಉಪಯೋಗ ಆಗುತ್ತೆ" ಅಂತ ಕಾರ್ಯದರ್ಶಿಗಳು ಹೇಳಿದರು. ಆದ್ದರಿಂದ ಮನೆ ಹಿತ್ತಲಿಗೆ ಮರದ ಮರೆ ಕಟ್ಟುವುದು ಹೇಗೆ, ನಾನು ಕಟ್ಟಿ ಕೆಟ್ಟಿದ್ದು ಹೇಗೆ, ಆಮೇಲೆ ಕಲಿತದ್ದು ಏನು, ಇಷ್ಟನ್ನು ಹೇಳಿ ಕೂತುಕೊಳ್ಳುತ್ತೇನೆ.

ನಮ್ಮ ಸೀಮೆಗೆ ಬೇಲಿ ಹೊಸದಲ್ಲ. ಕುರಿ ರೊಪ್ಪಕ್ಕೆ ಜಾಲಿ ಮುಳ್ಳು, ಗೊಲ್ಲರ ಹಟ್ಟಿ ಸುತ್ತ ಮುಳ್ಳಿನ ಬೇಲಿ, ಹೊಲದ ಬದುವಿಗೆ ಕಳ್ಳಿ, ಕತ್ತಾಳೆ ನಾವೆಲ್ಲ ನೋಡಿಕೊಂಡೇ ಬೆಳೆದದ್ದು. ನಮ್ಮ ತಾಲ್ಲೂಕಿನ ಪುರ್ಲೆಹಳ್ಳಿ ಹತ್ತಿರ ಕ್ಯಾತಪ್ಪನ ಜಾತ್ರೆಗೆ ಕಾಡುಗೊಲ್ಲರು ಬಾರೆಕಳ್ಳೆ ಮುಳ್ಳಿನಿಂದ ಗುಡಿಯನ್ನೇ ಕಟ್ಟುತ್ತಾರೆ. ಮುಳ್ಳನ್ನು ಜೋಡಿಸುವ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೆಲ್ಲ ದನಕುರಿ ತಡೆಯುವ ಬೇಲಿ. ನಾನು ಹೇಳುತ್ತಿರುವುದು ಕಣ್ಣು ತಡೆಯುವ ಬೇಲಿ.

ಹಿಂದೆ ಬಚ್ಚಲಿಗೆ ತಡಿಕೆ ಇತ್ತು. ನಮ್ಮಪ್ಪ ಕಾವಲಿಗೆ ಹೋಗಿ ಬಂದ್ರೆ ಕಡ್ಡಿ, ತಂಗಡೆ ಕಡ್ಡಿ ಕೊಯ್ದು ತಂದು ಒಂದು ಹಗಲಲ್ಲಿ ಹೆಣೆಯುತ್ತಿದ್ದ. ಎರಡು ಮೂರು ವರ್ಷಕ್ಕೆ ಹಳೆಯದು ಒಲೆಗೆ, ಹೊಸದು ಬಚ್ಚಲಿಗೆ. ಈ ಕಾವಲು ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು ಎಂದು ಓದಿದವರು ಹೇಳುತ್ತಾರೆ. 2010ರ ಆಚೀಚೆ ನಮ್ಮ ಉಳ್ಳಾರ್ತಿ ಕಾವಲಿನ ಜಮೀನು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಕುದಾಪುರದ ಕಡೆಯದು ಭಾರತೀಯ ವಿಜ್ಞಾನ ಸಂಸ್ಥೆಗೆ, ವರವು ಕಾವಲಿನದು ಡಿ.ಆರ್.ಡಿ.ಓ.ಗೆ ಹೋಯಿತು. ಕಾಂಪೌಂಡ್ ಎದ್ದಿತು. ಅದರ ಸರಿ ತಪ್ಪು ಇವತ್ತಿನ ವಿಷಯವಲ್ಲ. ಕಡ್ಡಿ ಕೊಯ್ದು ತರುವ ಜಾಗ ಕಡಿಮೆಯಾಯಿತು, ತಡಿಕೆ ಹೆಣೆಯುವ ಕೈಯೂ ಕಡಿಮೆಯಾಯಿತು, ಅಷ್ಟು ಮಾತ್ರ ಹೇಳುತ್ತೇನೆ. ಈಗ ಬಚ್ಚಲಿಗೆ ಹಳೆ ಸೀರೆ, ಗೊಬ್ಬರದ ಚೀಲ. ಗಾಳಿ ಬಂದರೆ ಅದೂ ಹಾರಿಹೋಗುತ್ತದೆ.

ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಮಗನ ಮದುವೆಯಾಯಿತು. ಸೊಸೆ ಪೇಟೆಯಲ್ಲಿ ಬೆಳೆದ ಹುಡುಗಿ. ನಮ್ಮ ಹಿತ್ತಲ ಪಕ್ಕದಲ್ಲೇ ಗಾಡಿ ದಾರಿ. ಆ ಮಗು ದಿನಾ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕತ್ತಲಲ್ಲೇ ಸ್ನಾನ ಮುಗಿಸುತ್ತಿತ್ತು. ಎಂಥ ಶ್ರದ್ಧೆ ಅಂತ ನಾನು ನಾಲ್ಕು ಜನದ ಮುಂದೆ ಹೊಗಳಿಕೊಂಡು ಓಡಾಡಿದೆ. ಒಂದು ದಿನ ನಮ್ಮ ಮನೆಯವರು "ಶ್ರದ್ಧೆ ಅಲ್ಲ, ನಾಚಿಕೆ. ಹಗಲಾದ್ರೆ ದಾರೀಲಿ ಹೋಗೋರಿಗೆಲ್ಲ ಕಾಣ್ತೈತೆ. ನಾನೂ ಮೂವತ್ತು ವರ್ಷ ಹಂಗೇ ಮಾಡಿದೀನಿ, ನಿಮಗೆ ಗೊತ್ತಾಗಲಿಲ್ಲ" ಅಂದರು. ಅಣ್ಣಂದಿರೇ, ಆ ಮಾತು ಕೇಳಿ ನನಗೆ ಊಟ ಇಳಿಯಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಈಗ ಇಷ್ಟು ಜನರ ಮುಂದೆ ಒಪ್ಪಿಕೊಳ್ಳುತ್ತೇನೆ, ಶೇಂಗಾ ಬೀಜಕ್ಕೆ ಅಂತ ತೆಗೆದ ಸಾಲದಲ್ಲಿ ಸ್ವಲ್ಪ ದುಡ್ಡು ಹಲಗೆಗೆ ಹಾಕಿದೆ. ತಪ್ಪು. ಬೇಲಿ ಎದ್ದು ಹೊಲ ಮೇಯ್ದ ಗಾದೆ ನಿಮಗೆ ಗೊತ್ತು. ನನ್ನ ಬೇಲಿ ಬಿದ್ದು ಹೊಲ ಮೇಯಿತು.

ಇಪ್ಪತ್ತನಾಲ್ಕು ಅಡಿ ಉದ್ದ, ಆರಡಿ ಎತ್ತರ. ಎಂಟಡಿಗೊಂದು ನೀಲಗಿರಿ ಕಂಬ, ಒಂದೂವರೆ ಅಡಿ ಗುಣಿ, ಹಲಗೆಗೆ ಹಲಗೆ ಒತ್ತಿ ಹೊಡೆದು ಸೂಜಿ ಹೋಗದ ಹಾಗೆ ಮಾಡಿದೆ. ನೋಡಿದವರೆಲ್ಲ ಭೇಷ್ ಅಂದರು. ನಮ್ಮವ್ವ ಒಬ್ಬಳೇ ಏನೂ ಅನ್ನಲಿಲ್ಲ. ಆಷಾಢ ಬಂತು. ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಾಗ ಇಡೀ ಬೇಲಿ ಒಂದೇ ಏಟಿಗೆ ಒಳಗಡೆ ಮಲಗಿತು. ಸೊಸೆ ಬಟ್ಟೆ ಒಗೆದು ಒಳಗೆ ಬಂದು ಐದು ನಿಮಿಷ ಆಗಿತ್ತು. ಪಕ್ಕದಲ್ಲಿ ಕಟ್ಟಿದ್ದ ಗಬ್ಬದ ಕುರಿ ಅಡಿಗೆ ಸಿಕ್ಕಿ ಸತ್ತಿತು. ನಾನು ಹಣೆ ಚಚ್ಚಿಕೊಂಡು ಕೂತಾಗ ಅವ್ವ ಹೇಳಿದಳು: "ಗಾಳಿಗೆ ದಾರಿ ಬಿಡ್ಲಿಲ್ಲ ನೀನು, ಅದೇ ದಾರಿ ಮಾಡ್ಕೆಂತು ಕಣಪ್ಪ. ನಿಮ್ಮಪ್ಪನ ತಡಿಕೆ ಯಾವತ್ತಾದ್ರೂ ಬಿದ್ದಿತ್ತಾ?"

ಅಪ್ಪನ ತಡಿಕೆ ಬೀಳದಿದ್ದ ಗುಟ್ಟು ನನಗೆ ಆಮೇಲೆ ಇಂಜಿನಿಯರಿಂಗ್ ಓದಿದ ಹುಡುಗರಿಂದ ತಿಳಿಯಿತು. ಗಾಳಿಯ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ. ಎಂಟಡಿ ಅಗಲ, ಆರಡಿ ಎತ್ತರದ ಒತ್ತು ಹಲಗೆಯ ಮೇಲೆ ಗಂಟೆಗೆ 36 ಕಿ.ಮೀ. ಗಾಳಿ ಸುಮಾರು 30 ಕೆ.ಜಿ. ಭಾರದಷ್ಟು ನೂಕುತ್ತದೆ. ಅದೇ 72 ಕಿ.ಮೀ. ಆದರೆ ಸುಮಾರು 120 ಕೆ.ಜಿ. ಒಂದೂವರೆ ಅಡಿ ಗುಣಿ ಅದನ್ನು ತಡೆಯುತ್ತದೆಯೇ? ಇನ್ನೊಂದು ವಿಷಯ, ಸಂದಿಲ್ಲದ ಬೇಲಿಯನ್ನು ಗಾಳಿ ಮೇಲಿಂದ ಹಾರಿ ಹಿಂದುಗಡೆ ಸುಳಿ ಸುತ್ತುತ್ತದೆ. ಧೂಳೆಲ್ಲ ಅಲ್ಲೇ ಬೀಳುತ್ತದೆ. ಸಂದಿರುವ ಬೇಲಿಯಲ್ಲಿ ಗಾಳಿ ಸೋಸಿ, ಸೊಕ್ಕು ಮುರಿದು ಒಳಗೆ ಬರುತ್ತದೆ. ಬಿಸಿಲು ಕಾಲದಲ್ಲಿ ಹಿತ್ತಲು ಕುಲುಮೆ ಆಗುವುದಿಲ್ಲ. ಅಂದರೆ ನಮ್ಮ ಸೀಮೆಯ ಬೇಲಿ ತಡೆಯಬೇಕಾದ್ದು ಕಣ್ಣನ್ನು, ಗಾಳಿಯನ್ನಲ್ಲ.

ಎರಡನೇ ಸಲ ಹೇಗೆ ಕಟ್ಟಿದೆ ಹೇಳುತ್ತೇನೆ, ಕಟ್ಟಬೇಕೆನ್ನುವವರು ಗಮನ ಇಟ್ಟು ಕೇಳಿ.

ಮೊದಲು ಕಂಬ. ಮರದ ಕಂಬ ಮಣ್ಣಲ್ಲಿ ಹೂಳಿದರೆ ಗೆದ್ದಲಿಗೆ ಹಬ್ಬ. ನಾನು ಒಂಬತ್ತು ಅಡಿಯ ಕಲ್ಲುಕಂಬ ತಂದೆ. ಮೂರಡಿ ನೆಲದೊಳಗೆ, ಆರಡಿ ಮೇಲೆ. ಒಟ್ಟು ಉದ್ದದಲ್ಲಿ ಮೂರರಲ್ಲಿ ಒಂದು ಪಾಲು ನೆಲಕ್ಕೆ, ಇದು ಮರೆಯಬೇಡಿ. ಎಂಟಡಿ ಬಿಟ್ಟು ಆರಡಿಗೊಂದು ಕಂಬ. ಇಪ್ಪತ್ತನಾಲ್ಕು ಅಡಿಗೆ ಐದು ಕಂಬ ಬೇಕು. ಕೊಳ್ಳುವಾಗ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ, ಗಂಟೆ ಹಾಗೆ ಸದ್ದು ಬರಬೇಕು. ಡಬ್ ಅಂದರೆ ಒಳಗೆ ಬಿರುಕಿದೆ ಎಂದು ಬಿಟ್ಟುಬಿಡಿ. ಬೋಲ್ಟಿನ ತೂತು ಕಲ್ಲು ಒಡೆಯುವವರ ಹತ್ತಿರವೇ ಹಾಕಿಸಿ. ನೆಟ್ಟ ಮೇಲೆ ತೂತು ಕೊರೆಯಲು ಹೋದರೆ ಕಂಬ ಸೀಳುತ್ತದೆ.

ಗುಣಿ ಗರಸು ಸಿಗುವ ತನಕ ಹೋಗಲಿ. ಎರೆ ಭೂಮಿಯಾದರೆ ಇನ್ನೂ ಅರ್ಧ ಅಡಿ ಜಾಸ್ತಿ ತೆಗೆಯಿರಿ, ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು. ಕಾಂಕ್ರೀಟು ಸಂಜೆ ಹೊತ್ತು ಹಾಕಿ. ನಮ್ಮ ಬಿಸಿಲಿಗೆ ಮಧ್ಯಾಹ್ನ ಹಾಕಿದ್ದು ನೀರು ಹಾರಿ ಪುಡಿಪುಡಿ ಆಗುತ್ತದೆ. ಮೇಲೆ ಗೋಣಿ ತಾಟು ಹೊದಿಸಿ ಏಳು ದಿನ ನೀರು ಹಾಕಿ. ಆ ಏಳು ದಿನ ಹಲಗೆ ಮುಟ್ಟಬೇಡಿ. ಈ ಕೆಲಸವೆಲ್ಲ ಯುಗಾದಿಯ ಆಸುಪಾಸಿಗೆ ಮುಗಿಯಬೇಕು, ಆಷಾಢ ಬಾಗಿಲಿಗೆ ಬಂದಾಗ ಗುಣಿ ತೋಡಬಾರದು.

ಇನ್ನು ಮರ. ಹಸಿ ಹಲಗೆ ಹೊಡೆದರೆ ಒಂದೇ ಬೇಸಿಗೆಗೆ ಸೊಟ್ಟಗಾಗಿ ಮೊಳೆ ಕಿತ್ತುಕೊಂಡು ಬರುತ್ತದೆ. ಹಲಗೆ ಒಣಗುವಾಗ ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ, ಅಗಲದಲ್ಲೇ ಕುಗ್ಗುವುದು. ಆದ್ದರಿಂದ ಕೊಯ್ಸಿದ ಹಲಗೆಯನ್ನು ನೆರಳಲ್ಲಿ, ನಡುವೆ ಪಟ್ಟಿ ಇಟ್ಟು, ಒಂದರ ಮೇಲೊಂದು ಜೋಡಿಸಿ ಕೆಲವು ತಿಂಗಳು ಒಣಗಿಸಿ. ಬಿಸಿಲಲ್ಲಿ ಒಣಗಿಸಿದರೆ ಸೀಳು ಬಿಡುತ್ತದೆ. ನೀಲಗಿರಿ ಸೀಳುವುದು ಜಾಸ್ತಿ. ಕರಿಜಾಲಿಯ ಚೇಗು ಗಟ್ಟಿ. ಹೊರಗಿನ ಬಿಳಿ ಭಾಗ ಹುಳಕ್ಕೆ ಆಹಾರ, ಅದನ್ನು ಕೆತ್ತಿ ತೆಗೆಯಿರಿ. ಬೇವು ಆಗುತ್ತದೆ. ಬಳ್ಳಾರಿ ಜಾಲಿ ನೆಟ್ಟಗೆ ಸಿಗುವುದು ಅಪರೂಪ, ಸಿಕ್ಕರೆ ಗಟ್ಟಿ ಮರ. ಸ್ವಂತ ಹೊಲದ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿ. 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ.

ಈಗ ಮುಖ್ಯ ಮಾತು, ಹಲಗೆ ಹೊಡೆಯುವ ರೀತಿ. ಕಂಬದಿಂದ ಕಂಬಕ್ಕೆ ಮೂರು ಅಡ್ಡಪಟ್ಟಿ. ನಾಲ್ಕು ಇಂಚಿನ ಹಲಗೆ ಹೊರಗಡೆ ಒಂದು ಹೊಡೆದು ಎರಡು ಇಂಚು ಬಿಟ್ಟು ಇನ್ನೊಂದು. ಒಳಗಡೆಯಿಂದ ಆ ಎರಡು ಇಂಚಿನ ಸಂದಿಗೆ ಸರಿಯಾಗಿ ಮತ್ತೊಂದು ಹಲಗೆ. ಆಗ ಒಳಗಿನ ಹಲಗೆ ಹೊರಗಿನ ಎರಡು ಹಲಗೆಯನ್ನೂ ಒಂದೊಂದು ಇಂಚು ಮುಚ್ಚುತ್ತದೆ. ದಾರಿಯಲ್ಲಿ ಹೋಗುವವನಿಗೆ ಏನೂ ಕಾಣುವುದಿಲ್ಲ, ಗಾಳಿ ಮಾತ್ರ ಅಡ್ಡಪಟ್ಟಿಯ ದಪ್ಪದಷ್ಟು ಸಂದಿಯಲ್ಲಿ ನುಸುಳಿ ಬರುತ್ತದೆ. ಖರ್ಚು ಮುಚ್ಚಿಡುವುದಿಲ್ಲ. ಒತ್ತಿ ಹೊಡೆದರೆ 72 ಹಲಗೆ ಸಾಕು, ಹೀಗೆ ಹೊಡೆದರೆ ಸುಮಾರು 95 ಬೇಕು. ಆದರೆ ಒಂದು ಕುರಿಯ ಬೆಲೆ, ಎರಡನೇ ಸಲ ಕಟ್ಟುವ ಬೆಲೆ ಲೆಕ್ಕ ಹಾಕಿದರೆ ಇದೇ ಅಗ್ಗ.

ಮೊಳೆ ಹೊಡೆಯುವ ಮುಂಚೆ ಬೈರಿಗೆಯಲ್ಲಿ ತೂತು ಹಾಕಿ, ತುಕ್ಕು ಹಿಡಿಯದ ಮೊಳೆ ಅಥವಾ ಸ್ಕ್ರೂ ಬಳಸಿ. ಹಲಗೆಯ ಬುಡ ನೆಲದಿಂದ ಎರಡು ಇಂಚು ಮೇಲಿರಲಿ. ನೆಲ ಮುಟ್ಟಿದ ಹಲಗೆಗೆ ಗೆದ್ದಲು ತಪ್ಪಿದ್ದಲ್ಲ. ವರ್ಷಕ್ಕೊಮ್ಮೆ ಎಣ್ಣೆ ಬಳಿಯಿರಿ. ಚಳ್ಳಕೆರೆ ಎಣ್ಣೆ ಮಿಲ್ಲಿನ ಊರು ಅಂತ ಶೇಂಗಾ ಎಣ್ಣೆ ಬಳಿಯಲು ಹೋಗಬೇಡಿ. ಅದು ಒಣಗುವ ಎಣ್ಣೆಯಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತದೆ.

ಇಷ್ಟು ಶಕ್ತಿ ಇಲ್ಲದವರು ಬೇಜಾರಾಗಬೇಡಿ. ಐದು ಕಲ್ಲುಕಂಬ ಮಾತ್ರ ಸರಿಯಾಗಿ ನೆಟ್ಟುಕೊಳ್ಳಿ, ಅದಕ್ಕೆ ತಡಿಕೆ ಕಟ್ಟಿ. ತಡಿಕೆ ಹೋದರೂ ಕಂಬ ಉಳಿಯುತ್ತದೆ, ಮುಂದಿನ ವರ್ಷ ಕೈಲಾದಾಗ ಹಲಗೆ ಹೊಡೆಯಬಹುದು. ಹುಲ್ಲಿನ ಬಣವೆ ಹತ್ತಿರ ಮಾತ್ರ ಒಣಕಡ್ಡಿಯ ತಡಿಕೆ ಬೇಡ, ಬೆಂಕಿಗೆ ಗಾಳಿ ಜೊತೆಯಾದರೆ ಊರೇ ಉಳಿಯುವುದಿಲ್ಲ.

ಕೊನೆಗೆ ಸಂಘದವರಿಗೆ ಒಂದು ಬಿನ್ನಹ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಒಬ್ಬನೇ ಸಾಲಗಾರನ ಮುಂದೆ ನಿಲ್ಲಬಾರದು ಅಂತ. ನಮ್ಮ ಸಂಘ ಬೀಜ, ಗೊಬ್ಬರಕ್ಕೆ ಕೊಡುವ ಹಾಗೆ, ಹತ್ತು ಮನೆಯವರು ಸೇರಿ ಕೇಳಿದರೆ ಕಲ್ಲುಕಂಬ ಒಟ್ಟಿಗೆ ತರಿಸಿ ಕಂತಿನಲ್ಲಿ ಕೊಡುವ ವ್ಯವಸ್ಥೆ ಮಾಡಿದರೆ ಚೆನ್ನ. ಲಾರಿ ಬಾಡಿಗೆ ಹತ್ತು ಪಾಲಾಗುತ್ತದೆ. ನನ್ನ ಹಾಗೆ ಬೆಳೆ ಸಾಲ ತೆಗೆದು ಹಲಗೆಗೆ ಹಾಕುವ ಕಳ್ಳ ದಾರಿಯೂ ತಪ್ಪುತ್ತದೆ. ಆ ಸಾಲ ತೀರಿಸಲು ನನಗೆ ಎರಡು ವರ್ಷ ಹಿಡಿಯಿತು.

ಗಂಡಸರೇ, ಇವತ್ತು ಮನೆಗೆ ಹೋದ ಮೇಲೆ ಬಚ್ಚಲ ಹತ್ತಿರ ನಿಂತು ಒಂದು ಸಲ ದಾರಿ ಕಡೆ ನೋಡಿ. ಮನೆಯ ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ. ನಮ್ಮ ಮನೆಯವರು ಮೂವತ್ತು ವರ್ಷ ಕೇಳಲಿಲ್ಲ. ಎರಡನೇ ಬೇಲಿ ಕಟ್ಟಿದ ಮೇಲೆ ಎಷ್ಟೋ ಆಷಾಢ ಕಳೆದಿವೆ, ಕಂಬ ಅಲುಗಿಲ್ಲ. ನನ್ನ ಸೊಸೆ ಈಗ ಬೆಳಕು ಹರಿದ ಮೇಲೆ ಏಳುತ್ತಾಳೆ. ಸೋಮಾರಿ ಆದಳು ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ, ನನಗೆ ಸಂತೋಷ.

ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.